ಗೊರಕೆಗೆ ಪಟ್ಟಿಯಾ, ಮಷೀನಾ, ಆಪರೇಷನ್ನಾ? ಯಾರಿಗೆ ಯಾವುದು ಸರಿ

ಹುಬ್ಬಳ್ಳಿಯ ಯಾವುದಾದರೂ ಔಷಧಿ ಅಂಗಡಿಗೆ ಹೋಗಿ "ಗೊರಕಿಗೆ ಏನರ ಐತೇನ್ರಿ?" ಅಂತ ಕೇಳಿ ನೋಡಿ. ಮೂಗಿನ ಮೇಲೆ ಅಂಟಿಸುವ ಪಟ್ಟಿ, ಮೂಗಿಗೆ ಬಿಡುವ ಹನಿ, ಗಂಟಲಿಗೆ ಹೊಡೆಯುವ ಸ್ಪ್ರೇ ಒಂದೊಂದಾಗಿ ಕೌಂಟರ್ ಮೇಲೆ ಬರುತ್ತವೆ. ಮೊಬೈಲ್‌ನಲ್ಲಿ ಹುಡುಕಿದರೆ ಇನ್ನೂ ಜಾಸ್ತಿ: ಮ್ಯಾಗ್ನೆಟ್ ಕ್ಲಿಪ್, ಗದ್ದಕ್ಕೆ ಕಟ್ಟುವ ಬೆಲ್ಟ್, ಬಾಯಿಗೆ ಅಂಟಿಸುವ ಟೇಪ್. ಇನ್ನೊಂದು ಕಡೆ ಡಾಕ್ಟರು ಹೇಳುವ, ಮಾಸ್ಕ್ ಮೂಲಕ ಗಾಳಿ ಊದುವ ಸಿಪ್ಯಾಪ್ ಮಷೀನ್, ಹಲ್ಲಿನ ಡಾಕ್ಟರು ಮಾಡಿಕೊಡುವ ದವಡೆ ಸಾಧನ, ಆಪರೇಷನ್. ನೂರಿನ್ನೂರು ರೂಪಾಯಿಯಿಂದ ಹಿಡಿದು ಹತ್ತಾರು ಸಾವಿರದವರೆಗೆ ಎಲ್ಲವೂ ಇದೆ.

ಇವುಗಳಲ್ಲಿ ಒಂದನ್ನು ಆರಿಸುವ ಮೊದಲು ಒಂದು ವಿಷಯ ಗೊತ್ತಾಗಬೇಕು. ನಿಮ್ಮ ಮನೆಯ ಗೊರಕೆ ಬರೀ ಸದ್ದಾ, ಅಥವಾ ನಡುನಡುವೆ ಉಸಿರೇ ನಿಲ್ಲುತ್ತಿದೆಯಾ? ಬರೀ ಸದ್ದಾದರೆ ಇನ್ನೂರು ರೂಪಾಯಿಯಲ್ಲೂ ಮುಗಿಯಬಹುದು. ಉಸಿರು ನಿಲ್ಲುತ್ತಿದ್ದರೆ ಆ ಇನ್ನೂರು ರೂಪಾಯಿಯ ವಸ್ತು ಸದ್ದನ್ನು ತಗ್ಗಿಸಿ, ಕಾಯಿಲೆಯನ್ನು ಹಾಗೇ ಬಿಟ್ಟುಬಿಡಬಹುದು. ಮನೆಯವರೆಲ್ಲ ನಿಶ್ಚಿಂತೆಯಾಗಿ ಮಲಗುತ್ತಾರೆ, ಒಳಗೆ ನಡೆಯುವುದು ನಡೆದೇ ಇರುತ್ತದೆ.

ಸದ್ದಾ, ಉಸಿರಾ?

ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಗಾಳಿಯ ದಾರಿ ಕಿರಿದಾಗುತ್ತದೆ. ಅಲ್ಲಿ ಗಾಳಿ ನುಗ್ಗುವಾಗ ಮೆತ್ತನೆಯ ಅಂಗುಳ, ಕಿರುನಾಲಿಗೆ, ನಾಲಿಗೆಯ ಬುಡ ಅದುರುತ್ತವೆ. ಗೊರಕೆ ಅಂದರೆ ಇಷ್ಟೇ. ಆ ದಾರಿ ಪೂರ್ತಿ ಮುಚ್ಚಿಕೊಳ್ಳತೊಡಗಿದರೆ ಅದು ಸ್ಲೀಪ್ ಅಪ್ನಿಯಾ.

ಪಕ್ಕದಲ್ಲಿ ಮಲಗುವವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಗೊರಕೆ ಏರುತ್ತಾ ಏರುತ್ತಾ ಹೋಗಿ ತಟ್ಟನೆ ನಿಲ್ಲುತ್ತದೆ. ಎದೆ, ಹೊಟ್ಟೆ ಮೇಲೆ ಕೆಳಗೆ ಆಡುತ್ತಲೇ ಇರುತ್ತವೆ. ಆದರೆ ಮೂಗಿನ ಮುಂದೆ ಕೈ ಹಿಡಿದರೆ ಗಾಳಿ ಇಲ್ಲ. ಹತ್ತು ಸೆಕೆಂಡು, ಇಪ್ಪತ್ತು, ಕೆಲವೊಮ್ಮೆ ಮೂವತ್ತು. ಆಮೇಲೆ ಗಕ್ಕನೆ ಒಂದು ಸದ್ದು, ಮೈ ಒಮ್ಮೆ ಕೊಡವಿಕೊಳ್ಳುತ್ತದೆ, ಮತ್ತೆ ಗೊರಕೆ ಶುರು. "ಏನ್ರಿ, ಮಗ್ಗಲಾ ಬದಲಿಸ್ರಿ" ಅಂತ ಎಬ್ಬಿಸಿದವರಿಗೆ ಅದು ನೆನಪಿರುತ್ತದೆ. ಎಬ್ಬಿಸಿಕೊಂಡವರಿಗೆ ಬೆಳಿಗ್ಗೆ ಒಂದೂ ನೆನಪಿರುವುದಿಲ್ಲ. "ನಾ ಎಲ್ಲಿ ಗೊರಕಿ ಹೊಡೀತೇನಿ?" ಅಂತ ವಾದ ಬೇರೆ. ವಾದ ಬೇಡ, ಫೋನ್‌ನಲ್ಲಿ ಒಂದು ವಿಡಿಯೊ ಮಾಡಿಡಿ. ಡಾಕ್ಟರಿಗೂ ಅದು ಕೆಲಸಕ್ಕೆ ಬರುತ್ತದೆ.

ಉಸಿರು 10 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ನಿಂತರೆ ಒಂದು ಅಂತ ಎಣಿಸುತ್ತಾರೆ. ಅರೆಬರೆ ನಿಂತು ರಕ್ತದ ಆಮ್ಲಜನಕ ಕುಸಿದರೂ ಲೆಕ್ಕಕ್ಕೆ ಬರುತ್ತದೆ. ಗಂಟೆಗೆ ಇಂಥವು ಎಷ್ಟು ಅನ್ನುವ ಸಂಖ್ಯೆಗೆ ಎಎಚ್‌ಐ ಅಂತ ಹೆಸರು. 5ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. 30 ಅಂದರೆ ಎರಡು ನಿಮಿಷಕ್ಕೊಮ್ಮೆ ಉಸಿರಿಗೆ ಅಡ್ಡಿ, ಅದೂ ರಾತ್ರಿಯಿಡೀ. ರಿಪೋರ್ಟ್ ಕೈಗೆ ಬಂದಾಗ ಮೊದಲು ಹುಡುಕಬೇಕಾದ ಸಂಖ್ಯೆ ಇದು. ಆಮೇಲೆ ಆಮ್ಲಜನಕ ಎಷ್ಟಕ್ಕೆ ಇಳಿದಿತ್ತು ಅಂತ ನೋಡಿ.

ಪ್ರತಿ ಸಲ ಉಸಿರು ಕಟ್ಟಿದಾಗ ಮೆದುಳು ಅರೆಕ್ಷಣ ಎಚ್ಚರವಾಗುತ್ತದೆ, ಬಿಪಿ ಮೇಲೇರುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಹಗಲಿನ ಬಿಪಿಯೂ ಏರಿಯೇ ಉಳಿಯುತ್ತದೆ. ಮೂರು ಥರದ ಮಾತ್ರೆ ನುಂಗಿದರೂ ಬಿಪಿ ಹತೋಟಿಗೆ ಬರದವರಲ್ಲಿ ಅಪ್ನಿಯಾ ತುಂಬಾ ಸಾಮಾನ್ಯ. ಎದೆಬಡಿತದ ಏರುಪೇರು, ಲಕ್ವ, ಸಕ್ಕರೆ ಕಾಯಿಲೆ, ಇವಕ್ಕೂ ಇದಕ್ಕೂ ನಂಟಿದೆ.

ಜನ ಗಮನಿಸದ ಇನ್ನೊಂದು ಲಕ್ಷಣ ಹೇಳುತ್ತೇನೆ. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದು. ಗಂಡಸರು ಪ್ರಾಸ್ಟೇಟ್ ಅಂದುಕೊಳ್ಳುತ್ತಾರೆ, ಉಳಿದವರು ಶುಗರ್ ಅಂದುಕೊಳ್ಳುತ್ತಾರೆ. ಎರಡೂ ಇರಬಹುದು. ಆದರೆ ಮುಚ್ಚಿದ ಗಂಟಲಿನ ಎದುರು ಎದೆ ಗಾಳಿ ಎಳೆಯಲು ಹೆಣಗುವಾಗ ಹೃದಯದ ಮೇಲ್ಕೋಣೆಗಳು ಹಿಗ್ಗುತ್ತವೆ. ಮೈಯಲ್ಲಿ ನೀರು ಜಾಸ್ತಿಯಾಗಿದೆ ಅಂತ ಹೃದಯ ತಪ್ಪು ತಿಳಿಯುತ್ತದೆ. ನೀರು ಹೊರಗೆ ಹಾಕು ಅಂತ ಕಿಡ್ನಿಗೆ ಹಾರ್ಮೋನ್ ಕಳಿಸುತ್ತದೆ. ಅಪ್ನಿಯಾಕ್ಕೆ ಚಿಕಿತ್ಸೆ ಶುರುವಾದ ಮೇಲೆ ರಾತ್ರಿ ಏಳುವುದು ಕಡಿಮೆಯಾಯಿತು ಅಂತ ಅನೇಕರು ಹೇಳುವುದು ಇದಕ್ಕೇ.

ಮತ್ತೆ ಹಗಲಿನ ತೂಕಡಿಕೆ. ಮನೆಯಲ್ಲಿ ಪೇಪರ್ ಓದುತ್ತಾ ತೂಕಡಿಸಿದರೆ ನಗಬಹುದು. ಹಾವೇರಿ, ದಾವಣಗೆರೆ ದಾಟಿ ರಾತ್ರಿ ಬೆಂಗಳೂರಿಗೆ ಗಾಡಿ ಓಡಿಸುವವರು ತೂಕಡಿಸಿದರೆ ನಗುವ ಮಾತಲ್ಲ. ಲಾರಿ, ಬಸ್ಸು, ಕಾರು ಯಾವುದೇ ಇರಲಿ, ಡ್ರೈವರ್ ಕೆಲಸದವರು ಗೊರಕೆಯ ಪರೀಕ್ಷೆಯನ್ನು ಮುಂದೂಡಬಾರದು.

ಖರ್ಚಿಲ್ಲದ ಎಂಟು ಪ್ರಶ್ನೆ

ಕೆನಡಾದ ಟೊರಾಂಟೊದ ಅನಸ್ತೇಷಿಯಾ ತಜ್ಞರು 2008ರಲ್ಲಿ ಪ್ರಕಟಿಸಿದ ಎಂಟು ಪ್ರಶ್ನೆಗಳಿವೆ. ಸ್ಟಾಪ್-ಬ್ಯಾಂಗ್ ಅಂತ ಕರೆಯುತ್ತಾರೆ. ಜೋರು ಗೊರಕೆ ಇದೆಯಾ? ಹಗಲು ಸುಸ್ತಾ? ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರಾ? ಬಿಪಿ ಇದೆಯಾ? ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ 35 ದಾಟಿದೆಯಾ? ವಯಸ್ಸು 50 ದಾಟಿದೆಯಾ? ಕತ್ತಿನ ಸುತ್ತಳತೆ 40 ಸೆಂ.ಮೀ.ಗಿಂತ ಜಾಸ್ತಿಯಾ? ಗಂಡಸಾ? ಒಂದು ಹೌದಿಗೆ ಒಂದು ಅಂಕ. 0ರಿಂದ 2 ಬಂದರೆ ಅಪಾಯ ಕಡಿಮೆ, 3-4 ಮಧ್ಯಮ, 5 ಮತ್ತು ಮೇಲೆ ಜಾಸ್ತಿ. ಕತ್ತು ಅಳೆಯಲು ಟೇಲರ್ ಟೇಪ್ ಸಾಕು. ಅಂಗಿಯ ಕಾಲರ್ 16 ಇಂಚು ಅಂದರೆ 40 ಸೆಂ.ಮೀ. ದಾಟಿತು ಅಂತಲೇ ಲೆಕ್ಕ.

ಈ ಪ್ರಶ್ನೆಗಳು ಹೆಂಗಸರಿಗೆ ಸ್ವಲ್ಪ ಅನ್ಯಾಯ ಮಾಡುತ್ತವೆ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಕಡೆ ಹೆಂಗಸರು ಗೊರಕೆ ಹೊಡೆಯುವುದನ್ನು ಹೇಳಿಕೊಳ್ಳುವುದೇ ಇಲ್ಲ, ನಾಚಿಕೆ. ಮುಟ್ಟು ನಿಂತ ಮೇಲೆ ಅಪ್ನಿಯಾ ಜಾಸ್ತಿಯಾಗುತ್ತದೆ. ಅವರಲ್ಲಿ ಅದು ಗಕ್ಕನೆ ಉಸಿರೆಳೆಯುವ ರೂಪದಲ್ಲಿ ಬರದೆ ಸುಸ್ತು, ಬೆಳಗಿನ ತಲೆನೋವು, ನಿದ್ದೆ ಬರದಿರುವುದು, ಬೇಸರ ಅಂತ ಬರಬಹುದು. ಥೈರಾಯ್ಡ್ ಕಡಿಮೆ ಇದ್ದರೂ ಗೊರಕೆ ಬರುತ್ತದೆ, ಅದನ್ನೂ ಒಮ್ಮೆ ನೋಡಿಸಿ.

ಪರೀಕ್ಷೆ ಮನೆಯಲ್ಲಾ, ಆಸ್ಪತ್ರೆಯಲ್ಲಾ?

ಅಂಕ 3 ಅಥವಾ ಜಾಸ್ತಿ ಬಂದರೆ ನಿಮ್ಮ ಮೊದಲ ಖರ್ಚು ನಿದ್ದೆಯ ಪರೀಕ್ಷೆಗೆ ಇರಲಿ, ಉಪಕರಣಕ್ಕೆ ಅಲ್ಲ. ಆಸ್ಪತ್ರೆಯ ಪರೀಕ್ಷೆಯಲ್ಲಿ ಒಂದು ರಾತ್ರಿ ಅಲ್ಲೇ ಮಲಗಬೇಕು. ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ, ಕಾಲಿಗೆ ವೈರು ಅಂಟಿಸುತ್ತಾರೆ. ಮೆದುಳಿನ ಅಲೆಯಿಂದ ಹಿಡಿದು ಎಲ್ಲವೂ ದಾಖಲಾಗುತ್ತದೆ. ಮನೆಯ ಪರೀಕ್ಷೆಯಲ್ಲಿ ಬೆರಳಿಗೆ ಒಂದು ಕ್ಲಿಪ್, ಮೂಗಿಗೆ ಸಣ್ಣ ಕೊಳವೆ, ಎದೆಗೆ ಪಟ್ಟಿ, ಅಷ್ಟೇ. ಖರ್ಚು ಕಡಿಮೆ, ಹಾಸಿಗೆ ನಿಮ್ಮದೇ.

ಜೋರು ಗೊರಕೆ, ಹಗಲು ನಿದ್ದೆ, ದಪ್ಪ ಕತ್ತು ಮೂರೂ ಇದ್ದು ಬೇರೆ ದೊಡ್ಡ ಕಾಯಿಲೆ ಇಲ್ಲದಿದ್ದರೆ ಮನೆಯ ಪರೀಕ್ಷೆ ಧಾರಾಳ ಸಾಕು. ಅದಕ್ಕೊಂದು ದೌರ್ಬಲ್ಯ ಇದೆ. ನೀವು ನಿಜವಾಗಿ ಎಷ್ಟು ಹೊತ್ತು ಮಲಗಿದ್ದಿರಿ ಅಂತ ಹೆಚ್ಚಿನ ಯಂತ್ರಗಳಿಗೆ ಗೊತ್ತಾಗುವುದಿಲ್ಲ. ಎಚ್ಚರವಾಗಿ ಹೊರಳಾಡಿದ ಗಂಟೆಗಳೂ ಲೆಕ್ಕಕ್ಕೆ ಸೇರಿ ಎಎಚ್‌ಐ ಕಡಿಮೆ ತೋರಿಸಬಹುದು. ಲಕ್ಷಣ ಜೋರಾಗಿದ್ದು ರಿಪೋರ್ಟ್ ಮಾತ್ರ ಚೆನ್ನಾಗಿ ಬಂದರೆ ಆಸ್ಪತ್ರೆ ಪರೀಕ್ಷೆ ಕೇಳಿ. ಹೃದಯ ದುರ್ಬಲ ಇರುವವರು, ಶ್ವಾಸಕೋಶದ ಕಾಯಿಲೆಯವರು, ಲಕ್ವ ಹೊಡೆದವರು ನೇರ ಆಸ್ಪತ್ರೆಗೇ ಹೋಗಲಿ.

ಹುಬ್ಬಳ್ಳಿಯಲ್ಲಿ ನಾವು ಇನ್ನೂ ಕಿಮ್ಸ್ ಅಂತಲೇ ಕರೆಯುವ ಸರ್ಕಾರಿ ಆಸ್ಪತ್ರೆ, ಧಾರವಾಡದ ಸತ್ತೂರಿನ ಎಸ್‌ಡಿಎಂ, ಗದಗ ಮತ್ತು ಹಾವೇರಿಯ ಸರ್ಕಾರಿ ಮೆಡಿಕಲ್ ಕಾಲೇಜುಗಳು, ಇವುಗಳ ಕಿವಿ-ಮೂಗು-ಗಂಟಲು ಅಥವಾ ಎದೆರೋಗ ವಿಭಾಗದಲ್ಲಿ ಮೊದಲು ವಿಚಾರಿಸಿ. ಮಷೀನ್ ಮಾರುವ ಅಂಗಡಿಯವರು ಪರೀಕ್ಷೆಯನ್ನು "ಫ್ರೀ" ಮಾಡಿಕೊಡುತ್ತೇವೆ ಅಂದರೆ ಆ ರಿಪೋರ್ಟನ್ನು ಮಾರಾಟದ ಜತೆ ಸಂಬಂಧವಿಲ್ಲದ ಒಬ್ಬ ಡಾಕ್ಟರಿಗೆ ತೋರಿಸಿ.

ಕಡಿಮೆ ಖರ್ಚಿನ ದಾರಿಗಳು

ಮೂಗಿನ ಪಟ್ಟಿ ಯಾರಿಗೆ? ಕನ್ನಡಿಯ ಮುಂದೆ ನಿಂತು ಎರಡೂ ಕೆನ್ನೆಗಳನ್ನು ಮೂಗಿನ ಪಕ್ಕದಿಂದ ಬೆರಳಲ್ಲಿ ಹೊರಗೆಳೆಯಿರಿ. ಉಸಿರು ಸರಾಗ ಆದರೆ ಪಟ್ಟಿಯಿಂದ ಸ್ವಲ್ಪ ಉಪಯೋಗ ಆಗಬಹುದು. ಏನೂ ವ್ಯತ್ಯಾಸ ಕಾಣದಿದ್ದರೆ ದುಡ್ಡು ಉಳಿಸಿ. ಅಪ್ನಿಯಾ ಇದ್ದರಂತೂ ಪಟ್ಟಿ ಚಿಕಿತ್ಸೆಯೇ ಅಲ್ಲ, ಯಾಕೆಂದರೆ ಮುಚ್ಚುತ್ತಿರುವುದು ಗಂಟಲು.

ಮೂಗಿನ ಹನಿಯಲ್ಲಿ ಹುಷಾರು. ಕಟ್ಟಿದ ಮೂಗನ್ನು ಐದು ನಿಮಿಷದಲ್ಲಿ ಬಿಡಿಸುವ ಆಕ್ಸಿಮೆಟಾಜೋಲಿನ್, ಜೈಲೋಮೆಟಾಜೋಲಿನ್ ಹನಿಗಳನ್ನು ಕೆಲವೇ ದಿನ ಬಳಸಬೇಕು. ವಾರ ದಾಟಿತು ಅಂದರೆ ಹನಿ ನಿಲ್ಲಿಸಿದ ಕೂಡಲೇ ಮೂಗು ಮೊದಲಿಗಿಂತ ಜಾಸ್ತಿ ಕಟ್ಟುತ್ತದೆ, ಮತ್ತೆ ಹನಿ, ಮತ್ತೆ ಕಟ್ಟು. ಬ್ಯಾಡಗಿ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ಘಾಟಿನಲ್ಲಿ ದಿನವಿಡೀ ಇರುವವರು, ಹತ್ತಿ ಜಿನ್ನಿಂಗ್ ಧೂಳಿನಲ್ಲಿ ಕೆಲಸ ಮಾಡುವವರು ಈ ಹನಿಗೆ ಬೇಗ ಅಂಟಿಕೊಳ್ಳಬಹುದು. ಅವರಿಗೆ ಉಪ್ಪುನೀರಿನ ತೊಳೆತ, ಮತ್ತು ಡಾಕ್ಟರು ಬರೆದುಕೊಟ್ಟರೆ ಅಲರ್ಜಿಯ ಸ್ಟೀರಾಯ್ಡ್ ಸ್ಪ್ರೇ ಒಳ್ಳೆಯದು. ಸ್ಪ್ರೇ ಕೆಲಸ ಮಾಡಲು ಒಂದೆರಡು ವಾರ ಬೇಕಾಗಬಹುದು, ತಾಳ್ಮೆ ಇರಲಿ.

ಬಾಯಿಗೆ ಟೇಪ್ ಹಚ್ಚುವ ರೀಲ್ಸ್ ಈಗ ಎಲ್ಲರ ಫೋನ್‌ಗೂ ಬರುತ್ತಿವೆ. ಪರೀಕ್ಷೆ ಆಗದವರು, ಮೂಗು ಕಟ್ಟುವವರು ಇದಕ್ಕೆ ಕೈ ಹಾಕಬೇಡಿ. ಮ್ಯಾಗ್ನೆಟ್ ಕ್ಲಿಪ್ ಬಗ್ಗೆ ಹೇಳಲು ಏನೂ ಇಲ್ಲ, ಬಿಡಿ.

ಮಗ್ಗುಲಾಗಿ ಮಲಗುವುದು ಮಾತ್ರ ಪುಕ್ಕಟೆ, ಮತ್ತು ಅನೇಕರಿಗೆ ನಿಜವಾಗಿ ಕೆಲಸ ಮಾಡುತ್ತದೆ. ಅಪ್ನಿಯಾ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅಂಗಾತ ಮಲಗಿದಾಗಲೇ ತೊಂದರೆ ಜಾಸ್ತಿ. ರಿಪೋರ್ಟ್‌ನಲ್ಲಿ ಅಂಗಾತ ಎಷ್ಟು, ಮಗ್ಗುಲಲ್ಲಿ ಎಷ್ಟು ಅಂತ ಬೇರೆ ಬೇರೆ ಕೊಟ್ಟಿರುತ್ತಾರೆ, ನೋಡಿ. ಬನಿಯನ್ ಬೆನ್ನಿಗೆ ಜೇಬು ಹೊಲಿದು ಟೆನಿಸ್ ಬಾಲ್ ಇಡುವ ಹಳೆಯ ಉಪಾಯ ಇದೆಯಲ್ಲ, ಅದು ಕೆಲಸ ಮಾಡುತ್ತದೆ. ಆದರೆ ಒಂದೆರಡು ತಿಂಗಳಲ್ಲಿ ಹೆಚ್ಚಿನವರು ಬಾಲ್ ತೆಗೆದು ಮೊಮ್ಮಕ್ಕಳಿಗೆ ಕೊಟ್ಟಿರುತ್ತಾರೆ. ಬೆನ್ನ ಹಿಂದೆ ಉದ್ದದ ಲೋಡು ಇಟ್ಟುಕೊಳ್ಳುವುದು ಅದಕ್ಕಿಂತ ಸಹಿಸಬಹುದಾದ ದಾರಿ.

ಕುಡಿಯುವವರು ಮಲಗುವ ಮೂರ್ನಾಲ್ಕು ಗಂಟೆ ಮೊದಲೇ ನಿಲ್ಲಿಸಬೇಕು. ನಿದ್ದೆ ಮಾತ್ರೆಯನ್ನು ಡಾಕ್ಟರಿಗೆ ಕೇಳದೆ ತೆಗೆದುಕೊಳ್ಳಬೇಡಿ, ಅದು ಗಂಟಲನ್ನು ಇನ್ನಷ್ಟು ಸಡಿಲ ಮಾಡಬಹುದು. ಗಂಟಲಿನ ವ್ಯಾಯಾಮದ ಬಗ್ಗೆಯೂ ಕೇಳುತ್ತಾರೆ. 2006ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಆಸ್ಟ್ರೇಲಿಯಾದ ಡಿಜೆರಿಡೂ ಅನ್ನುವ ಊದುವ ವಾದ್ಯ ಕಲಿಸಿ ನೋಡಿದ್ದರು, 2025ರಲ್ಲಿ ಜೈಪುರದಲ್ಲಿ 30 ಜನರ ಮೇಲೆ ಶಂಖ ಊದುವ ಪ್ರಯೋಗ ಪ್ರಕಟವಾಯಿತು. ಎರಡರಲ್ಲೂ ಹಗಲಿನ ನಿದ್ದೆ ತಗ್ಗಿತು. ಎರಡೂ ಸಣ್ಣ ಪ್ರಯೋಗಗಳು, ತಿಂಗಳುಗಟ್ಟಲೆ ದಿನಾ ಊದಬೇಕು. ಆಸಕ್ತಿ ಇದ್ದರೆ ಊದಿ. ಪಕ್ಕದ ಮನೆಯವರಿಗೆ ಗೊರಕೆಯೇ ವಾಸಿ ಅನ್ನಿಸಬಹುದು.

ತೂಕ ಇಳಿಸುವುದು

ಎಲ್ಲರೂ ಹೇಳುವ, ಯಾರೂ ಕೇಳಲು ಇಷ್ಟಪಡದ ಮಾತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವರ್ಷಗಟ್ಟಲೆ ಜನರನ್ನು ಗಮನಿಸಿ 2000ದಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ತೂಕ 10% ಇಳಿದರೆ ಎಎಚ್‌ಐ ಸುಮಾರು 26% ಇಳಿಯಿತು, 10% ಏರಿದರೆ ಸುಮಾರು 32% ಏರಿತು. 80 ಕಿಲೋ ಇದ್ದವರು 72ಕ್ಕೆ ಬಂದರೆ ಸೌಮ್ಯ ಅಪ್ನಿಯಾ ಮಾಯವಾಗಲೂಬಹುದು. ತೀವ್ರ ಇದ್ದರೆ ತೂಕ ಇಳಿಯುವ ತನಕ ಕಾಯುತ್ತಾ ಕೂರುವ ಹಾಗಿಲ್ಲ, ಜತೆಗೆ ಇನ್ನೊಂದು ಚಿಕಿತ್ಸೆ ನಡೆಯಬೇಕು.

ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಟಿರ್ಜೆಪಟೈಡ್ ಔಷಧಿಗೆ ಅಮೆರಿಕದಲ್ಲಿ 2024ರ ಡಿಸೆಂಬರ್‌ನಲ್ಲಿ ಬೊಜ್ಜಿನ ಜತೆ ಮಧ್ಯಮ ಅಥವಾ ತೀವ್ರ ಅಪ್ನಿಯಾ ಇರುವವರಿಗೆ ಅಂತ ಒಪ್ಪಿಗೆ ಸಿಕ್ಕಿತು. 2025ರಿಂದ ಅದು ನಮ್ಮ ದೇಶದಲ್ಲೂ ಸಕ್ಕರೆ ಕಾಯಿಲೆ ಮತ್ತು ತೂಕಕ್ಕಾಗಿ ಸಿಗುತ್ತಿದೆ. ಅಗ್ಗ ಅಲ್ಲ, ನಿಲ್ಲಿಸಿದರೆ ತೂಕ ಮರಳುತ್ತದೆ, ಡಾಕ್ಟರ ಕೈಕೆಳಗೇ ಆಗಬೇಕು. ಮೆಡಿಕಲ್ ಶಾಪ್‌ನಲ್ಲಿ ಪರಿಚಯ ಇದೆ ಅಂತ ತಂದು ಚುಚ್ಚಿಕೊಳ್ಳುವ ಔಷಧಿ ಇದಲ್ಲ.

ದವಡೆ ಸಾಧನವಾ, ಸಿಪ್ಯಾಪ್ ಮಷೀನಾ?

ನಿಜವಾದ ಆಯ್ಕೆ ಇರುವುದು ಈ ಎರಡರ ನಡುವೆ.

ದವಡೆ ಸಾಧನ ಮೇಲಿನ ಮತ್ತು ಕೆಳಗಿನ ಹಲ್ಲಿಗೆ ಕೂರುತ್ತದೆ, ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದಕ್ಕೆ ಹಿಡಿದಿಡುತ್ತದೆ. ನಾಲಿಗೆಯೂ ಜತೆಗೆ ಮುಂದೆ ಬರುವುದರಿಂದ ಹಿಂದಿನ ದಾರಿ ತೆರೆಯುತ್ತದೆ. ಸದ್ದಿಲ್ಲ, ಕರೆಂಟ್ ಬೇಡ, ಪ್ರಯಾಣಕ್ಕೆ ಜೇಬಲ್ಲಿ ಹೋಗುತ್ತದೆ. ಬರೀ ಗೊರಕೆ, ಸೌಮ್ಯ ಮತ್ತು ಕೆಲವು ಮಧ್ಯಮ ಅಪ್ನಿಯಾಕ್ಕೆ ನಾನು ಇದನ್ನೇ ಮೊದಲು ನೋಡಿ ಅನ್ನುತ್ತೇನೆ. ಬಿಸಿನೀರಲ್ಲಿ ಅದ್ದಿ ಕಚ್ಚುವ ಆನ್‌ಲೈನ್ ಸರಕು ಬೇಡ. ಹಲ್ಲಿನ ಅಚ್ಚು ತೆಗೆದು ಮಾಡಿಸಿ, ಸ್ವಲ್ಪ ಸ್ವಲ್ಪವಾಗಿ ಮುಂದೆ ತರುವಂಥದ್ದು ಬೇಕು. ಸತ್ತೂರಿನ ಡೆಂಟಲ್ ಕಾಲೇಜಿನಂಥ ಕಡೆ ಕೇಳಿ ನೋಡಿ.

ಆದರೆ ಬಾಯಲ್ಲಿ ಗಟ್ಟಿ ಹಲ್ಲುಗಳು ಸಾಕಷ್ಟು ಇರಬೇಕು. ಪೂರ್ತಿ ಕಟ್ಟಿಸಿದ ಹಲ್ಲಿನವರಿಗೆ ಇದು ನಿಲ್ಲುವುದಿಲ್ಲ. ಗುಟ್ಕಾ, ಅಡಿಕೆ ಹಾಕಿ ಹಾಕಿ ಬಾಯಿ ಎರಡು ಬೆರಳಷ್ಟೂ ತೆರೆಯದವರು ನಮ್ಮ ಕಡೆ ಕಡಿಮೆಯಿಲ್ಲ. ಅವರಿಗೆ ಅಚ್ಚು ತೆಗೆಯುವುದೇ ಕಷ್ಟ, ಸಾಧನ ದೂರದ ಮಾತು. ಅವರ ಬಾಯಿಯನ್ನೇ ಮೊದಲು ಪರೀಕ್ಷೆ ಮಾಡಿಸಬೇಕು. ಉಳಿದವರಿಗೂ ಬೆಳಿಗ್ಗೆ ದವಡೆ ನೋವು, ಜೊಲ್ಲು, ವರ್ಷಗಳ ಮೇಲೆ ಹಲ್ಲು ಸ್ವಲ್ಪ ಸರಿಯುವುದು ಆಗಬಹುದು. ಸಾಧನ ಹಾಕಿಕೊಂಡೇ ಇನ್ನೊಮ್ಮೆ ನಿದ್ದೆ ಪರೀಕ್ಷೆ ಮಾಡಿಸುವುದನ್ನು ಮರೆಯಬೇಡಿ.

ಸಿಪ್ಯಾಪ್ ಕಥೆ ಬೇರೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಡಾ. ಕಾಲಿನ್ ಸಲ್ಲಿವನ್ 1980ರಲ್ಲಿ ಇದನ್ನು ರೂಪಿಸಿದರು, ಮರುವರ್ಷ ಪ್ರಕಟಿಸಿದರು. ಮಷೀನ್ ಮೂಗಿನ ಮೂಲಕ ಹದವಾದ ಒತ್ತಡದಲ್ಲಿ ಗಾಳಿ ಊದುತ್ತದೆ, ಗಂಟಲು ಮುಚ್ಚದಂತೆ ಆ ಗಾಳಿಯೇ ಆಸರೆ ಕೊಡುತ್ತದೆ. ಅದರಲ್ಲಿ ಆಮ್ಲಜನಕದ ಸಿಲಿಂಡರ್ ಏನೂ ಇಲ್ಲ, ಕೋಣೆಯ ಗಾಳಿಯೇ. ತೀವ್ರ ಅಪ್ನಿಯಾಕ್ಕೆ ಇದಕ್ಕಿಂತ ಖಚಿತವಾದದ್ದು ಇಲ್ಲ. ಹಾಕಿಕೊಂಡ ರಾತ್ರಿ ಕೆಲಸ ಮಾಡುತ್ತದೆ, ತೆಗೆದಿಟ್ಟ ರಾತ್ರಿ ಇಲ್ಲ.

ಅಲ್ಲೇ ಎಲ್ಲ ಕೆಡುವುದು. 2016ರಲ್ಲಿ ಪ್ರಕಟವಾದ, ಭಾರತವೂ ಸೇರಿದ್ದ, 2,700ಕ್ಕೂ ಹೆಚ್ಚು ಹೃದ್ರೋಗಿಗಳು ಮತ್ತು ಲಕ್ವ ಆಗಿದ್ದವರ ದೊಡ್ಡ ಅಧ್ಯಯನದಲ್ಲಿ ಸಿಪ್ಯಾಪ್‌ನಿಂದ ಹೃದಯಾಘಾತ, ಲಕ್ವ ಕಡಿಮೆಯಾಗಲಿಲ್ಲ. ಹಗಲಿನ ನಿದ್ದೆ ಕಡಿಮೆಯಾಯಿತು, ಮನಸ್ಸು ಹಗುರಾಯಿತು. ಅವರು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ ಮಷೀನ್ ಹಾಕಿದ್ದರು. ಅರ್ಧ ರಾತ್ರಿ ಹಾಕಿದ್ದಕ್ಕೆ ಹೀಗಾಯಿತಾ ಅನ್ನುವ ಚರ್ಚೆ ಇನ್ನೂ ನಡೆದಿದೆ. ಹಾಗಾಗಿ "ಮಷೀನ್ ತಂದರೆ ಹಾರ್ಟ್‌ಅಟ್ಯಾಕ್ ಬರುವುದಿಲ್ಲ" ಅಂತ ಯಾರಾದರೂ ಮಾರುತ್ತಿದ್ದರೆ ನಂಬಬೇಡಿ.

ಮಷೀನ್ ಬ್ರಾಂಡಿಗಿಂತ ಮಾಸ್ಕ್ ಮುಖ್ಯ. ನಮ್ಮ ಮಾವನವರದು ಗದಗ ಕಡೆಯ ಗಿರಿಜಾ ಮೀಸೆ. ಮೂಗಿನ ಮೇಲೆ ಕೂರುವ ಮಾಸ್ಕ್ ಹಾಕಿದರೆ ಮೀಸೆಯ ಕೆಳಗಿನಿಂದ ಗಾಳಿ ಸೋರಿ ನೇರ ಕಣ್ಣಿಗೆ ಬರುತ್ತಿತ್ತು. "ಮೀಸಿ ತಗೀರಿ ಅಂದ್ರ ಮಷೀನೇ ಬ್ಯಾಡ ಅಂತಾರ" ಅಂತ ಅತ್ತೆಯವರ ದೂರು. ಕೊನೆಗೆ ಮೂಗಿನ ಹೊಳ್ಳೆಗೆ ನೇರ ಕೂರುವ ಸಣ್ಣ ಮೆತ್ತೆಯ ಮಾಸ್ಕ್ ಹೊಂದಿಕೊಂಡಿತು, ಮೀಸೆಯೂ ಉಳಿಯಿತು. ಬಾಯಿ ತೆರೆದು ಮಲಗುವವರಿಗೆ ಬಾಯಿ-ಮೂಗು ಎರಡನ್ನೂ ಮುಚ್ಚುವುದು ಬೇಕಾಗಬಹುದು. ಅಂಗಡಿಯ ಕುರ್ಚಿಯಲ್ಲಿ ಕೂತು ಮಾಸ್ಕ್ ಒಪ್ಪಬೇಡಿ. ಮಲಗಿ, ಮಷೀನ್ ಚಾಲೂ ಮಾಡಿ, ಮಗ್ಗುಲು ಬದಲಿಸಿ ನೋಡಿ. ಬಾಡಿಗೆಗೆ ಸಿಕ್ಕರೆ ಒಂದು ತಿಂಗಳು ಬಾಡಿಗೆಗೇ ತನ್ನಿ. ಎಷ್ಟು ಗಂಟೆ ಬಳಕೆ, ಎಷ್ಟು ಸೋರಿಕೆ, ಎಎಚ್‌ಐ ಎಷ್ಟು ಉಳಿದಿದೆ ಅನ್ನುವುದನ್ನು ದಾಖಲಿಸುವ ಮಷೀನೇ ಇರಲಿ.

ಕರೆಂಟ್ ಹೋದರೆ ಉಸಿರು ಕಟ್ಟುತ್ತದಾ ಅಂತ ಎಲ್ಲರಿಗೂ ಭಯ. ಇಲ್ಲ. ಮಾಸ್ಕ್‌ನಲ್ಲಿ ಗಾಳಿ ಹೋಗುವ ತೂತುಗಳಿವೆ, ಪೂರ್ಣ ಮಾಸ್ಕ್‌ಗೆ ಅದಕ್ಕಾಗಿಯೇ ಕವಾಟ ಇದೆ. ಮಷೀನ್ ನಿಂತರೆ ಎಚ್ಚರವಾಗಿ ತೆಗೆದಿಡುತ್ತೀರಿ, ಅಷ್ಟೇ. ಮನೆಯ ಇನ್ವರ್ಟರ್ ಸಾಮಾನ್ಯವಾಗಿ ಇದನ್ನು ಆರಾಮಾಗಿ ಎಳೆಯುತ್ತದೆ. ಗಾಳಿಗೆ ತೇವ ಕೊಡುವ ಬಿಸಿ ನೀರಿನ ಡಬ್ಬಿ ಬಂದ್ ಮಾಡಿದರೆ ಇನ್ನೂ ಹೆಚ್ಚು ಹೊತ್ತು ನಡೆಯುತ್ತದೆ. ಆ ಡಬ್ಬಿಗೆ ಬೋರ್‌ವೆಲ್ ನೀರು ಹಾಕಬೇಡಿ. ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಉಪ್ಪು ಹೋಗುವುದಿಲ್ಲ, ತಳದಲ್ಲಿ ಬಿಳಿ ಕರೆ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು ಹಾಕಿ, ದಿನಾ ಬದಲಿಸಿ. ನಮ್ಮ ಧೂಳಿಗೆ ಫಿಲ್ಟರ್ ಬೇಗ ಕಪ್ಪಾಗುತ್ತದೆ, ಅದನ್ನೂ ನೋಡುತ್ತಿರಿ. ಹಳೆಯ ಮಷೀನ್ ಕೊಳ್ಳುವವರಿಗೆ ಒಂದು ಮಾತು: 2021ರಲ್ಲಿ ಫಿಲಿಪ್ಸ್ ಕಂಪನಿ ಒಳಗಿನ ಫೋಮ್ ಪುಡಿಯಾಗುವ ಕಾರಣಕ್ಕೆ ಲಕ್ಷಾಂತರ ಮಷೀನ್ ವಾಪಸ್ ಕರೆದಿತ್ತು. ಮಾಡೆಲ್ ನೋಡಿ ವ್ಯವಹರಿಸಿ.

ಆಪರೇಷನ್ ಯಾವಾಗ?

ಮಕ್ಕಳಿಗೆ ಇದು ಅನೇಕ ಸಲ ಮೊದಲ ದಾರಿ. ದಿನಾ ಗೊರಕೆ ಹೊಡೆದು, ಬಾಯಲ್ಲಿ ಉಸಿರಾಡಿ, ಹಗಲು ತೂಕಡಿಸುವ ಬದಲು ಚೇಷ್ಟೆ ಮಾಡುವ ಮಗುವಿಗೆ ಟಾನ್ಸಿಲ್, ಮೂಗಿನ ಹಿಂದಿರುವ ಟಾನ್ಸಿಲ್‌ನಂಥದ್ದೇ ಆದ ಅಡೆನಾಯ್ಡ್ ದೊಡ್ಡದಿರಬಹುದು. ಅವನ್ನು ತೆಗೆದರೆ ಹೆಚ್ಚಿನ ಮಕ್ಕಳು ಸುಧಾರಿಸುತ್ತಾರೆ.

ದೊಡ್ಡವರಿಗೆ ಅಷ್ಟು ಸುಲಭ ಅಲ್ಲ. ಮೂಗಿನ ಡೊಂಕು ಮೂಳೆ ಸರಿ ಮಾಡಿಸಿದರೆ ಉಸಿರು ಸರಾಗ ಆಗುತ್ತದೆ, ಮಾಸ್ಕ್ ಸಹಿಸಲು ಅನುಕೂಲ ಆಗುತ್ತದೆ. ಅಪ್ನಿಯಾ ಹೋಗುವುದು ಅಪರೂಪ. ಅಂಗುಳ, ಕಿರುನಾಲಿಗೆ ಕತ್ತರಿಸಿ ಹೊಲಿಯುವ ಆಪರೇಷನ್ 1981ರಿಂದ ಚಾಲ್ತಿಯಲ್ಲಿದೆ. ನುಂಗಲು ಎರಡು ವಾರ ನೋವು, ಫಲ ಎಲ್ಲರಿಗೂ ಒಂದೇ ಥರ ಇಲ್ಲ. ಮಂಪರು ಕೊಟ್ಟು ಸಣ್ಣ ದುರ್ಬೀನಿನಿಂದ ಗಂಟಲು ಎಲ್ಲಿ ಮುಚ್ಚುತ್ತದೆ ಅಂತ ನೋಡಿದ್ದೀರಾ ಅಂತ ಕೇಳಿ. ನೋಡದೆ ಆಪರೇಷನ್ ಅಂದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ತೆಗೆದುಕೊಳ್ಳಿ.

ಡಾಕ್ಟರ ಹತ್ತಿರ ಹೋಗುವಾಗ ಪಕ್ಕದಲ್ಲಿ ಮಲಗುವವರನ್ನು ಕರೆದುಕೊಂಡು ಹೋಗಿ. ರಾತ್ರಿಯ ವಿಡಿಯೊ, ಈಗ ನುಂಗುವ ಮಾತ್ರೆಗಳ ಪಟ್ಟಿ, ಹಳೆಯ ಬಿಪಿ ಚೀಟಿಗಳು ಜತೆಗಿರಲಿ. ಹರ್ನಿಯಾ ಇರಲಿ, ಮೊಣಕಾಲು ಇರಲಿ, ಬೇರೆ ಯಾವುದೇ ಆಪರೇಷನ್‌ಗೆ ಅಡ್ಮಿಟ್ ಆಗುವಾಗಲೂ ನಿಮ್ಮ ಅಪ್ನಿಯಾದ ವಿಷಯ ಅನಸ್ತೇಷಿಯಾ ಡಾಕ್ಟರಿಗೆ ಮೊದಲೇ ಹೇಳಿ. ಮಷೀನ್ ಇದ್ದರೆ ಮಾಸ್ಕ್ ಸಮೇತ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ.